ಕೈಚಳಕವೋ, ಬ್ಯಾಟಿನ ಬಲವೋ?



ಕ್ರಿಕೆಟ್ ತಂಡದ ಹನ್ನೊಂದು ಮಂದಿಯಲ್ಲಿ ಪ್ರತಿ ಚೆಂಡಿಗೂ ಕೂತು ಏಳುವವನು ಒಬ್ಬನೇ. ಅವನೇ ವಿಕೆಟ್ ಕೀಪರ್. 50 ಓವರಿನ ಆಟವೆಂದರೆ ಅವನಿಗೆ 300 ಬೈಠಕ್. ಇಷ್ಟು ದುಡಿದರೂ ಅವನ ಹೆಸರು ಬಾಯಿಗೆ ಬರುವುದು ಹೆಚ್ಚಾಗಿ ಕ್ಯಾಚ್ ಕೈಬಿಟ್ಟಾಗಲೇ.

ನಮ್ಮ ಯಮಕನಮರಡಿಯ ಹುಡುಗರಲ್ಲಿ ಈ ಬೇಸಿಗೆ ಒಂದು ವಾದ ಎದ್ದಿದೆ. ಅವರ ತಂಡಕ್ಕೆ ಇಬ್ಬರು ಕೀಪರ್ ಇದ್ದಾರೆ. ಒಬ್ಬ ಎಂಟನೇ ಇಯತ್ತೆಯವ, ಸಣ್ಣ ಮೈ. ಅವನ ಕೈಗೆ ಬಂದ ಚೆಂಡು ಜಾರುವುದಿಲ್ಲ, ಆದರೆ ಬ್ಯಾಟ್ ಹಿಡಿದರೆ ನಾಲ್ಕೈದು ರನ್ನಿಗೆ ಮುಗಿಯಿತು. ಇನ್ನೊಬ್ಬ ಹತ್ತನೇ ಇಯತ್ತೆಯವ. ಹೊಡೆದರೆ ಚೆಂಡು ಹುಡುಕಲು ನಾಲ್ವರು ಓಡಬೇಕು, ಆದರೆ ಗ್ಲೌಸಿನಲ್ಲಿ ಚೆಂಡು ನಿಲ್ಲುವುದಿಲ್ಲ. ಸಣ್ಣವನು ಹೊರಗೆ ಕೂರಬೇಕಾದೀತು ಎಂಬ ಮಾತು ನಡೆದಿದೆ. ನನ್ನ ಮೊಮ್ಮಗ ಕೇಳಿದ: “ಅಜ್ಜಾ, ನೀ ಬ್ಯಾಂಕಿನ್ಯಾಗ ಲೆಕ್ಕಾ ಬರದಾಂವ. ನೀನ ಹೇಳು, ಯಾರನ್ನ ತಗೋಬೇಕು?”

ಈ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಬಾಬ್ ಟೇಲರ್ ಪ್ರಥಮ ದರ್ಜೆ ಪಂದ್ಯಗಳಲ್ಲಿ 1,649 ಮಂದಿಯನ್ನು ಔಟ್ ಮಾಡಿದ ಕೀಪರ್. ಅಷ್ಟು ಮಂದಿಯನ್ನು ಬೇರಾವ ಕೀಪರೂ ಔಟ್ ಮಾಡಿಲ್ಲ. ಆದರೂ 1971ರಲ್ಲಿ ಒಂದು ಟೆಸ್ಟ್ ಆಡಿದ ಮೇಲೆ ಎರಡನೆಯದಕ್ಕೆ ಅವರು 1977ರವರೆಗೆ ಕಾಯಬೇಕಾಯಿತು. ಆ ಜಾಗದಲ್ಲಿ ಇದ್ದವರು ಅಲನ್ ನಾಟ್. ನಾಟ್ ಕೂಡ ಒಳ್ಳೆಯ ಕೀಪರ್, ಜೊತೆಗೆ ಟೆಸ್ಟ್‌ನಲ್ಲಿ 5 ಶತಕ ಹೊಡೆದವರು. ತೂಕ ಆ ಕಡೆ ವಾಲಿತು.

ನಮ್ಮ ಕರ್ನಾಟಕದ ಮಾತಿಗೆ ಬನ್ನಿ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದೆರನ್ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದರು. ಭಾರತದ ಕೀಪರೊಬ್ಬ ಟೆಸ್ಟ್‌ನಲ್ಲಿ ಅದನ್ನು ದಾಟಲು 2013 ಬರಬೇಕಾಯಿತು. ದಾಟಿದವರು ಮಹೇಂದ್ರ ಸಿಂಗ್ ಧೋನಿ, 224 ರನ್ನಿನಿಂದ, ಅದೇ ಚೆನ್ನೈ ಊರಿನಲ್ಲಿ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಗ್ಲೌಸ್ ತೊಟ್ಟರು. ಇದರಿಂದ ತಂಡದಲ್ಲಿ ಒಬ್ಬ ಬ್ಯಾಟ್ಸ್‌ಮನ್‌ಗೆ ಹೆಚ್ಚಿನ ಜಾಗ ಸಿಕ್ಕಿತು, ಭಾರತ ಫೈನಲ್‌ವರೆಗೂ ಹೋಯಿತು. ಆದರೆ ಅದೇ ಕಾಲದ ಟೆಸ್ಟ್ ಪಂದ್ಯಗಳಲ್ಲಿ ಆ ಭಾರವನ್ನು ದ್ರಾವಿಡ್ ಮೇಲೆ ಹಾಕಲಿಲ್ಲ. ಅಲ್ಲಿ ಪಾರ್ಥಿವ್ ಪಟೇಲ್ ಅವರಂಥ ಕೀಪರ್ ಬೇಕಾದರು.

2023ರ ವಿಶ್ವಕಪ್ ನಿಮಗೆ ನೆನಪಿರಬೇಕು. ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಮ್ಮ ಕೆ.ಎಲ್. ರಾಹುಲ್ ಇಡೀ ಇನಿಂಗ್ಸ್ ಕೀಪಿಂಗ್ ಮಾಡಿ ಒಳಗೆ ಹೋದರು. ಸ್ನಾನ ಮಾಡಿ ಸ್ವಲ್ಪ ಕಾಲು ಚಾಚೋಣ ಎಂದುಕೊಂಡಿದ್ದರಂತೆ. ಅಷ್ಟರಲ್ಲಿ 2 ರನ್ನಿಗೆ 3 ವಿಕೆಟ್! ಹೋಗಿ ಔಟಾಗದೆ 97 ಹೊಡೆದು ಗೆಲ್ಲಿಸಿದರು.

ಹಾಗಾದರೆ ಬ್ಯಾಟೇ ದೊಡ್ಡದೇ? ತಡೆಯಿರಿ, ಸೈಯದ್ ಕಿರ್ಮಾನಿ ಅವರನ್ನು ನೋಡಿ. ಕರ್ನಾಟಕದ ಈ ಆಟಗಾರ 88 ಟೆಸ್ಟ್‌ಗಳಲ್ಲಿ 160 ಕ್ಯಾಚ್ ಹಿಡಿದು 38 ಸ್ಟಂಪಿಂಗ್ ಮಾಡಿದರು. ಅವರು ಚೆಂಡು ಹಿಡಿದದ್ದು ಯಾರಿಗೆ? ಬೇಡಿ, ಪ್ರಸನ್ನ, ಚಂದ್ರಶೇಖರ್ ಅಂಥವರಿಗೆ. ಚಂದ್ರಶೇಖರ್ ಅವರ ಬಲಗೈ ಪೋಲಿಯೋದಿಂದ ಸೊರಗಿತ್ತು. ಅದೇ ಕೈಯಿಂದ ಅವರು ಸ್ಪಿನ್ ಚೆಂಡನ್ನು ವೇಗದ ಬೌಲರಿನಂತೆ ಎಸೆಯುತ್ತಿದ್ದರು. ಅದು ಯಾವ ಕಡೆ ತಿರುಗುತ್ತದೆಂದು ಬ್ಯಾಟ್ಸ್‌ಮನ್‌ಗೆ ತಿಳಿಯದಿದ್ದರೂ ಸ್ಟಂಪಿನ ಹಿಂದೆ ಕೂತವನಿಗೆ ತಿಳಿಯಲೇಬೇಕು. 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಕೀಪರ್ ಪ್ರಶಸ್ತಿ ಕಿರ್ಮಾನಿ ಅವರಿಗೇ ಬಂತು.

ಇತ್ತೀಚೆಗೂ ಹೀಗೆಯೇ. 2019ರಲ್ಲಿ ದಕ್ಷಿಣ ಆಫ್ರಿಕಾ ತಂಡ ಇಲ್ಲಿಗೆ ಬಂದಾಗ ಚೆಂಡು ತಿರುಗುವ ನಮ್ಮ ನೆಲಕ್ಕೆ ವೃದ್ಧಿಮಾನ್ ಸಹಾ ಅವರ ಕೈ ಬೇಕಾಯಿತು, ರಿಷಭ್ ಪಂತ್ ಹೊರಗೆ ಕೂತರು. ಆಸ್ಟ್ರೇಲಿಯಾದಲ್ಲಿ ತಂಡ 36 ರನ್ನಿಗೆ ಆಲೌಟ್ ಆದ ಮೇಲೆ ಪಂತ್ ಒಳಗೆ ಬಂದರು. 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಔಟಾಗದೆ 89 ಹೊಡೆದು ಗೆಲ್ಲಿಸಿದರು. ನೆಲ ಬದಲಾದರೆ ಉತ್ತರವೂ ಬದಲಾಗುತ್ತದೆ.

ಈಗ ನಮ್ಮ ಹುಡುಗರ ಲೆಕ್ಕ. ಕಿರ್ದಿ ಬರೆಯುವಾಗ ಎರಡೂ ಕಡೆ ಬರೆಯಬೇಕು. ದೊಡ್ಡವನು ಪಂದ್ಯಕ್ಕೆ 22 ರನ್, ಸಣ್ಣವನು 6 ರನ್ ಹೊಡೆಯುತ್ತಾರೆ ಎಂದುಕೊಳ್ಳಿ. ದೊಡ್ಡವನಿಂದ ತಂಡಕ್ಕೆ 16 ರನ್ ಹೆಚ್ಚು ಜಮಾ. ಖರ್ಚಿನ ಕಡೆ ನೋಡಿ. ಅವನು ಸಣ್ಣವನಿಗಿಂತ 8 ಬೈ ರನ್ ಹೆಚ್ಚು ಬಿಟ್ಟ. ಒಂದು ಕ್ಯಾಚೂ ಬಿಟ್ಟ, ಬದುಕಿಕೊಂಡವನು ಮುಂದೆ 20 ಹೊಡೆದ. ಒಟ್ಟು ಖರ್ಚು 28. ಅಲ್ಲಿಗೆ 12 ರನ್ ನಷ್ಟ. ಬದುಕಿಕೊಂಡವನು ಮುಂದಿನ ಚೆಂಡಿಗೇ ಔಟಾಗಿದ್ದರೆ 8 ರನ್ ಲಾಭವಿರುತ್ತಿತ್ತು. ಆದ್ದರಿಂದ ಒಂದೇ ಪಂದ್ಯ ನೋಡಿ ತೀರ್ಮಾನ ಮಾಡಬಾರದು.

ಇನ್ನೊಂದು ಖರ್ಚು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಹನ್ನೆರಡು ವರ್ಷದ ಹುಡುಗ ಲೆಗ್ ಬ್ರೇಕ್ ಕಲಿಯುತ್ತಿರುತ್ತಾನೆ. ಚೆಂಡು ಚೆನ್ನಾಗಿ ತಿರುಗಿ, ಬ್ಯಾಟ್ಸ್‌ಮನ್ ಮೋಸಹೋಗಿ, ಕೀಪರನ ಕಾಲ ಸಂದಿನಿಂದ ಬೌಂಡರಿಗೆ ಹೋಗುತ್ತದೆ. ಕ್ಯಾಪ್ಟನ್ ಬೈಯುವುದು ಬೌಲರ್‌ಗೆ! ಎರಡು ಸಲ ಹೀಗಾದರೆ ಆ ಹುಡುಗ ತಿರುಗಿಸುವುದನ್ನೇ ಬಿಟ್ಟು ನೆಟ್ಟಗೆ ಎಸೆಯತೊಡಗುತ್ತಾನೆ. ಒಬ್ಬ ಕೀಪರನ ಜೊತೆಗೆ ಒಬ್ಬ ಸ್ಪಿನ್ನರನನ್ನೂ ಕಳೆದುಕೊಂಡಂತಾಯಿತು.

ಆದ್ದರಿಂದ ನನ್ನ ಮಾತು ಇಷ್ಟೇ. ದೇಶದ ತಂಡದವರು ನೆಲ, ಬೌಲರು, ಆಟದ ಉದ್ದ ನೋಡಿ ಆರಿಸಲಿ. ಶಾಲೆಯ ತಂಡದಲ್ಲಿ ಮಾತ್ರ ಗ್ಲೌಸ್ ಸಣ್ಣವನಿಗೇ ಇರಲಿ. ದೊಡ್ಡವನು ಬರೀ ಬ್ಯಾಟ್ಸ್‌ಮನ್ ಆಗಿಯೇ ಆಡಲಿ, ಅವನನ್ನೂ ಬಿಡಬೇಕಾಗಿಲ್ಲ.

ಸಣ್ಣವರಿಗೂ ಒಂದು ಬುದ್ಧಿಮಾತು. 1983ರ ಜೂನ್ 18ರಂದು ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದದ್ದು ಎಲ್ಲರಿಗೂ ಗೊತ್ತು. ಎದುರು ತುದಿಯಲ್ಲಿ ನಿಂತು ಮುರಿಯದ 9ನೇ ವಿಕೆಟ್‌ಗೆ 126 ರನ್ ಕೂಡಿಸಿದವರು ಕಿರ್ಮಾನಿ. ಅವರದು 24, ಔಟಾಗಿರಲಿಲ್ಲ. ಕೀಪರ್ ಶತಕ ಹೊಡೆಯಬೇಕೆಂದಿಲ್ಲ, ತುದಿ ಕಾಯಲು ಕಲಿತಿರಬೇಕು.

ಈ ವಾರದ ಕೆಲಸ: ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ತಂಡದ ಕೀಪರನ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯಿರಿ. ಹತ್ತು ಪಂದ್ಯವಾದ ಮೇಲೆ ಕೂಡಿಸಿ. ಅಜ್ಜ-ಅಜ್ಜಿಯರೇ, ಕೂಡಿಸಿದ್ದು ಸರಿ ಇದೆಯೇ ಎಂದು ನೀವು ನೋಡಿಕೊಡಿ.