ರಂಗಸ್ಥಳ ಯಾರದು? ಪಟ್ಲ ಪ್ರಕರಣ ಉಳಿಸಿಹೋದ ಪ್ರಶ್ನೆ

ಪುತ್ತೂರು: ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿ-ಪೇಟೆಗಳಲ್ಲಿ ಪ್ರತಿವರ್ಷ ಕೇಳಿಬರುವ ಮಾತು ಒಂದೇ. ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ? ಯಾರು ಇದ್ದಲ್ಲಿಯೇ ಉಳಿಯುತ್ತಾರೆ, ಯಾರು ಹೊರಗೆ ಬರುತ್ತಾರೆ? ಈ ಚರ್ಚೆ ಎಲ್ಲಿಂದ ಆರಂಭವಾದರೂ ಒಂದಲ್ಲ ಒಂದು ಹಂತದಲ್ಲಿ ಪಟ್ಲ ಸತೀಶ ಶೆಟ್ಟಿ ಎಂಬ ಹೆಸರಿನ ಬಳಿ ಬಂದು ನಿಲ್ಲುತ್ತದೆ. ಹಳ್ಳಿಯ ಬಯಲಾಟದಿಂದ ಮೇಲೆದ್ದು ಬಂದ ಭಾಗವತನೊಬ್ಬ ಸಿನಿಮಾ ನಟರಿಗೆ ಸಲ್ಲುವಂತಹ ಜನಪ್ರಿಯತೆಯನ್ನು ಪಡೆದದ್ದು, ಅದೇ ಜನಪ್ರಿಯತೆಯ ನಡುವೆ 2019ರ ನವೆಂಬರಿನಲ್ಲಿ ಕಟೀಲು ಮೇಳದ ರಂಗಸ್ಥಳದಿಂದ ಕೆಳಗಿಳಿಯಬೇಕಾಗಿ ಬಂದದ್ದು ಕರಾವಳಿಯ ಇತ್ತೀಚಿನ ಸಾಂಸ್ಕೃತಿಕ ಇತಿಹಾಸದ ಬಹುಚರ್ಚಿತ ಘಟನೆ.

ಆ ವಿವಾದದ ಬಿಸಿ ಆರಿ ವರ್ಷಗಳಾದವು. ಎರಡೂ ಕಡೆಯವರು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ಯಾರದು ಸರಿ, ಯಾರದು ತಪ್ಪು ಎಂಬ ವಾದವನ್ನು ಮತ್ತೆ ಕೆದಕುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ರಾತ್ರಿ ಎದ್ದ ಪ್ರಶ್ನೆಗಳಿಗೆ ಯಕ್ಷಗಾನ ರಂಗ ಇನ್ನೂ ಉತ್ತರ ಕಂಡುಕೊಂಡಿಲ್ಲ. ಉತ್ತರ ಸಿಗದೆ ನಷ್ಟ ಅನುಭವಿಸುವವರು ಹೆಸರಾಂತ ಭಾಗವತರಲ್ಲ. ಹೆಸರಿಲ್ಲದ ನೂರಾರು ಕಲಾವಿದರು.

ಕಂಠಕ್ಕೆ ಕೂಡಿಬಂದ ಕಾಲ

ಮಾಂಬಾಡಿ ಸುಬ್ರಹ್ಮಣ್ಯ ಭಟ್ಟರಲ್ಲಿ ಭಾಗವತಿಕೆಯ ಅಭ್ಯಾಸ ಮಾಡಿದ ಪಟ್ಲರು ದೀರ್ಘಕಾಲ ಕಟೀಲು ಮೇಳದಲ್ಲಿ ದುಡಿದವರು. ಏರು ಶ್ರುತಿಯಲ್ಲಿ ನಿರಾಯಾಸವಾಗಿ ಸಂಚರಿಸುವ ಕಂಠ, ರಾಗವನ್ನು ಹಿಗ್ಗಿಸಿ ಆಲಾಪಿಸುವ ರೀತಿ, ಚೆಂಡೆ-ಮದ್ದಳೆಯವರೊಂದಿಗೆ ಪೈಪೋಟಿಗಿಳಿದಂತೆ ಹಾಡುವ ಉಮೇದು, ಇವು ತರುಣ ಪ್ರೇಕ್ಷಕರನ್ನು ಬಹುಬೇಗ ಸೆಳೆದವು. ಮುಖ್ಯ ಭಾಗವತರು ಜಾಗಟೆ ಹಿಡಿದು ಕುಳಿತೊಡನೆ ಸಭೆಯಿಂದ ಶಿಳ್ಳೆ, ಚಪ್ಪಾಳೆಗಳು ಕೇಳಿಬರತೊಡಗಿದವು. ನಿದ್ದೆಗಣ್ಣಿನಲ್ಲಿ ಆಟ ನೋಡುತ್ತಿದ್ದ ಹಿರಿಯರಿಗೆ ಇದು ಕಿರಿಕಿರಿ ಎನಿಸಿದರೆ, ಯಕ್ಷಗಾನದತ್ತ ತಲೆ ಹಾಕದೆ ಇದ್ದ ಕಾಲೇಜು ಹುಡುಗರಿಗೆ ಇದೇ ಆಕರ್ಷಣೆಯಾಯಿತು.

ಪ್ರತಿಭೆಯ ಜೊತೆಗೆ ಕಾಲವೂ ಕೂಡಿಬಂತು. ಹಿಂದೆ ಭಾಗವತರ ಹಾಡು ಆಟ ನಡೆದ ಗದ್ದೆಯಲ್ಲಿಯೇ ಮುಗಿಯುತ್ತಿತ್ತು. ಆನಂತರ ಕ್ಯಾಸೆಟ್ ಬಂತು, ಸಿ.ಡಿ. ಬಂತು. ಮೊಬೈಲಿನ ಯುಗದಲ್ಲಿ ನಡುರಾತ್ರಿ ಹಾಡಿದ ಪದ್ಯ ಬೆಳಗಾಗುವುದರೊಳಗೆ ಮುಂಬಯಿ, ದುಬೈಗಳಲ್ಲಿರುವ ಊರವರ ಕೈ ಸೇರತೊಡಗಿತು. ಇಡೀ ರಾತ್ರಿಯ ಆಟದಿಂದ ಕತ್ತರಿಸಿ ತೆಗೆದ ಐದು ನಿಮಿಷದ ತುಣುಕಿನಲ್ಲಿ ಪ್ರಸಂಗವಿಲ್ಲ, ಪಾತ್ರವಿಲ್ಲ, ಮೇಳದ ಹೆಸರೂ ಮುಖ್ಯವಲ್ಲ; ಇರುವುದು ಭಾಗವತರ ಕಂಠ ಮಾತ್ರ. ಹೀಗೆ ಗಾಯಕನ ಕೀರ್ತಿ ಮೇಳದಿಂದ ಬೇರ್ಪಟ್ಟು ಸ್ವತಂತ್ರವಾಗಿ ಬೆಳೆಯಿತು. ವಿವಾದದ ಬೀಜವಿರುವುದು ಇಲ್ಲಿಯೇ.

ಹಿಂದೆಯೂ ಇತ್ತು ಆಕ್ಷೇಪ

ಪಟ್ಲರ ಹಾಡುಗಾರಿಕೆಯಲ್ಲಿ ಸಂಗೀತ ಹೆಚ್ಚು, ಯಕ್ಷಗಾನ ಕಡಿಮೆ ಎಂಬ ಟೀಕೆ ಹೊಸದಲ್ಲ. ಈ ಮಾತನ್ನು ತೆಂಕುತಿಟ್ಟು ಹಿಂದೆಯೂ ಕೇಳಿದೆ. ಕರ್ನಾಟಕ ಮೇಳದಲ್ಲಿದ್ದ ದಾಮೋದರ ಮಂಡೆಚ್ಚರು ಶಾಸ್ತ್ರೀಯ ರಾಗಗಳನ್ನು ಧಾರಾಳವಾಗಿ ಬಳಸಿದಾಗ ಪರಂಪರೆಯ ಪಕ್ಷಪಾತಿಗಳಿಗೆ ಅದು ರುಚಿಸಿರಲಿಲ್ಲ. ಇಂದು ಅದೇ ಮಂಡೆಚ್ಚರ ಹೆಸರು ಒಂದು ಶೈಲಿಯ ಹೆಸರಾಗಿ ನಿಂತಿದೆ. ಇನ್ನೊಂದು ತುದಿಯಲ್ಲಿ 2023ರ ಫೆಬ್ರವರಿಯಲ್ಲಿ ನಿಧನರಾದ ಬಲಿಪ ನಾರಾಯಣ ಭಾಗವತರು ಹಳೆಯ ಮಟ್ಟುಗಳನ್ನು ಬಿಡದೆ, ತಮ್ಮದೇ ‘ಬಲಿಪ ಶೈಲಿ’ಯನ್ನು ಕೊನೆಯವರೆಗೆ ಕಾಪಾಡಿಕೊಂಡು ಬಂದರು. ಇಬ್ಬರಿಗೂ ತೆಂಕುತಿಟ್ಟಿನಲ್ಲಿ ಸ್ಥಾನವಿತ್ತು.

ನಮ್ಮ ಮೂರು ತಾಲೂಕುಗಳಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ನೆಲೆಸಿದ್ದ ಪದ್ಯಾಣ ಗಣಪತಿ ಭಟ್ಟರು ಸುರತ್ಕಲ್ ಮೇಳದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಹಾಡಿ ಅಪಾರ ಅಭಿಮಾನಿಗಳನ್ನು ಪಡೆದವರು. ಬಳಿಕ ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದಲ್ಲಿಯೂ ಭಾಗವತರಾಗಿದ್ದು, 2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕಡಬದ ಹರಿನಾರಾಯಣ ಬೈಪಾಡಿತ್ತಾಯರ ಕೈಹಿಡಿದು, ಅವರಿಂದಲೇ ಭಾಗವತಿಕೆ ಕಲಿತ ಲೀಲಾವತಿ ಬೈಪಾಡಿತ್ತಾಯರು ಗಂಡಸರದೇ ಆಗಿದ್ದ ವೃತ್ತಿ ಮೇಳಗಳಲ್ಲಿ ಜಾಗಟೆ ಹಿಡಿದು ಕುಳಿತರು. ಹೆಂಗಸು ಭಾಗವತಿಕೆ ಮಾಡುವುದೇ ಎಂದು ಹುಬ್ಬೇರಿಸುತ್ತಿದ್ದ ಕಾಲವದು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು; ಮರುವರ್ಷದ ಡಿಸೆಂಬರಿನಲ್ಲಿ ಅವರು ಅಗಲಿದರು. ರಂಗಸ್ಥಳ ಹೊಸತನ್ನು ಮೊದಲು ಅನುಮಾನಿಸಿ, ನಿಧಾನವಾಗಿ ಒಪ್ಪಿಕೊಂಡು ಬಂದಿದೆ ಎಂಬುದಕ್ಕೆ ಇಷ್ಟು ಸಾಕು.

ಆದ್ದರಿಂದ 2019ರ ವಿವಾದವನ್ನು ಬರಿಯ ಶೈಲಿಯ ಜಗಳ ಎಂದು ನೋಡಿದರೆ ಅದರ ತಿರುಳು ಕೈತಪ್ಪುತ್ತದೆ. ಅದು ಹಾಡಿನ ಪ್ರಶ್ನೆಯಾಗಿರಲಿಲ್ಲ, ಅಧಿಕಾರದ ಪ್ರಶ್ನೆಯಾಗಿತ್ತು.

ಆ ರಾತ್ರಿ ನಡೆದದ್ದು

ಕಟೀಲು ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನ ಮುಜರಾಯಿ ಇಲಾಖೆಗೆ ಸೇರಿದ್ದು. ಅದರ ಮೇಳಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು ಕಲ್ಲಾಡಿ ಮನೆತನ. ಆಗ ಕಲ್ಲಾಡಿ ದೇವಿಪ್ರಸಾದ ಶೆಟ್ಟರು ಸಂಚಾಲಕರಾಗಿದ್ದರು. ಕಟೀಲು ಈ ಮೂರು ತಾಲೂಕುಗಳ ಹೊರಗಿದ್ದರೂ ಅದರ ಮೇಳಗಳ ತಿರುಗಾಟ ಇಲ್ಲಿಯ ಗದ್ದೆ, ಅಂಗಳಗಳವರೆಗೂ ಚಾಚಿದೆ. ಹರಕೆಯಾಟಕ್ಕೆ ಹೆಸರು ಬರೆಸಿದ ಕುಟುಂಬಗಳು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತವೆ. ಇಂಥ ಮೇಳದ ಆಡಳಿತದ ಕುರಿತು ಆ ದಿನಗಳಲ್ಲಿ ಭಿನ್ನಾಭಿಪ್ರಾಯ ಹೊಗೆಯಾಡುತ್ತಿತ್ತು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು.

ಈ ಹಿನ್ನೆಲೆಯಲ್ಲಿ ತಿರುಗಾಟದ ಆರಂಭದ ರಾತ್ರಿ, ಕಟೀಲು ಕ್ಷೇತ್ರದಲ್ಲಿಯೇ, ಹಾಡಲು ಬಂದ ಪಟ್ಲರಿಗೆ ಅವಕಾಶ ನಿರಾಕರಿಸಲಾಯಿತು. ಅವರು ರಂಗಸ್ಥಳದಿಂದ ಇಳಿದು ಹೊರಟ ದೃಶ್ಯ ಮೊಬೈಲುಗಳಲ್ಲಿ ಸೆರೆಯಾಗಿ ಮರುದಿನವೇ ಊರೆಲ್ಲ ಹರಡಿತು. ಮೇಳದ ಕಡೆಯವರು ಶಿಸ್ತಿನ ಪ್ರಶ್ನೆಯನ್ನು ಮುಂದಿಟ್ಟರು. ಅಭಿಮಾನಿಗಳು ಇದು ಕಲಾವಿದನಿಗೆ ಮಾಡಿದ ಅವಮಾನ ಎಂದರು.

ಯಕ್ಷಗಾನದಲ್ಲಿ ಭಾಗವತ ಹಿನ್ನೆಲೆ ಗಾಯಕನಲ್ಲ. ಆಟದ ನಿರ್ದೇಶಕನೇ ಆತ. ವೇಷ ಯಾವಾಗ ಪ್ರವೇಶಿಸಬೇಕು, ಪದ್ಯ ಎಷ್ಟು ಎಳೆಯಬೇಕು, ಮಾತು ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಅವನ ಜಾಗಟೆ. ರಂಗಸ್ಥಳದಲ್ಲಿ ಅವನ ಮಾತಿಗೆ ಎದುರಿಲ್ಲ. ಆದರೆ ರಂಗಸ್ಥಳದಿಂದ ಕೆಳಗಿಳಿದರೆ ಅವನೂ ಮೇಳದ ಯಜಮಾನರಿಂದ ಸಂಬಳ ಪಡೆಯುವ ಒಬ್ಬ ಕಲಾವಿದ. ಈ ಎರಡು ಅಧಿಕಾರಗಳು ಎಂದಿನಿಂದಲೂ ಒಂದಕ್ಕೊಂದು ಹೊಂದಿಕೊಂಡೇ ನಡೆದಿದ್ದವು. ಜನ ಮೇಳದ ಹೆಸರಿಗಿಂತ ಭಾಗವತರ ಹೆಸರು ಕೇಳಿ ಆಟಕ್ಕೆ ಬರತೊಡಗಿದಾಗ ಆ ಹೊಂದಾಣಿಕೆ ಸಡಿಲಗೊಂಡಿತು. ಹರಕೆ ದೇವಿಯದು, ಕಾಸು ಹರಕೆ ಹೊತ್ತವರದು, ವ್ಯವಸ್ಥೆ ಯಜಮಾನರದು, ಜನ ಸೇರುವುದು ಗಾಯಕನಿಗೆ. ಹೀಗಿರುವಾಗ ರಂಗಸ್ಥಳ ಯಾರದು?

ಬಾಯಿಮಾತಿನ ಒಪ್ಪಂದ

ಮೇಳದ ವ್ಯವಹಾರ ಇಂದಿಗೂ ಬಹುಮಟ್ಟಿಗೆ ನಂಬಿಕೆಯ ಮೇಲೆ ನಡೆಯುವಂಥದು. ತಿರುಗಾಟ ಮುಗಿಯುವ ಹೊತ್ತಿಗೆ ಯಜಮಾನರು ಮುಂದಿನ ವರ್ಷಕ್ಕೆ ಮಾತು ಕೊಡುತ್ತಾರೆ. ಕಲಾವಿದ ಮುಂಗಡ ಪಡೆಯುತ್ತಾನೆ. ಬರಹದ ಕರಾರು ಅಪರೂಪ. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆಯಿದೆ, ನಿಜ. ಆದರೆ ಅದನ್ನು ಸಾಬೀತುಪಡಿಸುವುದು ಹೇಗೆ? ಯಾವ ತಪ್ಪಿಗೆ ಯಾವ ಕ್ರಮ, ನಡುವೆ ಬಿಡಿಸಿದರೆ ಸಂಬಳ ಎಷ್ಟು, ಹೊರಗಿನ ಗಾನವೈಭವ ಕಾರ್ಯಕ್ರಮಗಳಿಗೆ ಹೋಗಬಹುದೇ, ದೂರನ್ನು ಯಾರ ಬಳಿ ಹೇಳಿಕೊಳ್ಳಬೇಕು ಎಂಬ ಯಾವುದಕ್ಕೂ ಲಿಖಿತ ನಿಯಮವಿಲ್ಲ. ನಿಯಮವಿಲ್ಲದ ಕಡೆ ನಿರ್ಧಾರ ಕೈಗೊಳ್ಳುವವರ ಮಾತೇ ನಿಯಮವಾಗುತ್ತದೆ.

ಯಜಮಾನರ ಕಷ್ಟವನ್ನೂ ಇಲ್ಲಿ ಹೇಳಬೇಕು. ಒಂದೊಂದು ಮೇಳದಲ್ಲಿ ಹಿಮ್ಮೇಳ, ಮುಮ್ಮೇಳದವರು, ರಂಗಸ್ಥಳ ಕಟ್ಟುವವರು, ಅಡುಗೆಯವರು, ಲಾರಿ ಚಾಲಕರು ಎಂದು ನಲ್ವತ್ತರ ಆಸುಪಾಸು ಮಂದಿಯ ಊಟ, ವಸತಿ, ಸಂಬಳದ ಹೊಣೆ ಅವರದು. ಸುರತ್ಕಲ್, ಕರ್ನಾಟಕದಂಥ ಹೆಸರಾಂತ ಡೇರೆ ಮೇಳಗಳು ಬಾಗಿಲು ಹಾಕಿದ್ದನ್ನು ಈ ನಾಡು ಕಂಡಿದೆ. ಒಬ್ಬ ಕಲಾವಿದನ ಅನುಕೂಲಕ್ಕೆ ತಕ್ಕಂತೆ ಇಡೀ ಮೇಳ ಕುಣಿಯುವುದಾದರೆ ಉಳಿದವರ ಗತಿಯೇನು ಎಂಬ ಅವರ ಪ್ರಶ್ನೆ ನಿರಾಧಾರವಲ್ಲ. ಆದರೆ ಶಿಸ್ತಿನ ಕ್ರಮಕ್ಕೆ ತಕ್ಕ ಜಾಗ ಮೇಳದ ಕಚೇರಿಯೇ ಹೊರತು ಸಾವಿರಾರು ಜನರ ಎದುರಿನ ರಂಗಸ್ಥಳವಲ್ಲ. ಮೇಳ ಹೊರಡುವ ಮೊದಲೇ ಆಗಬೇಕಿದ್ದ ಮಾತುಕತೆ ದೇವರ ಸೇವೆಯಾಟದ ನಡುವೆ ತೀರ್ಮಾನವಾದದ್ದು ಎಲ್ಲರ ಗೌರವಕ್ಕೂ ಕುಂದು ತಂದಿತು.

ಇಬ್ಬರೂ ಉಳಿದರು, ಮೂರನೆಯವರು?

ಮುಂದೆ ನಡೆದದ್ದು ಎಲ್ಲರಿಗೂ ತಿಳಿದದ್ದೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಎಲ್ಲ ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಿತು. ಅದೇ ವರ್ಷದ ಕೊನೆಯಲ್ಲಿ ಹಳೆಯಂಗಡಿ ಬಳಿಯ ಪಾವಂಜೆಯ ಜ್ಞಾನಶಕ್ತಿ ಸುಬ್ರಹ್ಮಣ್ಯಸ್ವಾಮಿ ದೇವಸ್ಥಾನದ ಹೆಸರಿನಲ್ಲಿ ಹೊಸ ಮೇಳ ಹೊರಟಿತು. ಪಟ್ಲರು ಅದರ ಪ್ರಧಾನ ಭಾಗವತರಾದರು. ಪಾವಂಜೆ ಮೇಳ ನೆಲೆಯೂರಿತು. ಇತ್ತ ಕಟೀಲಿಗೂ ಬೇಡಿಕೆ ಕುಗ್ಗಲಿಲ್ಲ. ಆರಿದ್ದ ಮೇಳಗಳಿಗೆ 2025ರ ನವೆಂಬರಿನಲ್ಲಿ ಏಳನೆಯದು ಸೇರಿಕೊಂಡಿತು. ಗಾಯಕನಿಲ್ಲದೆ ಮೇಳ ನಿಲ್ಲಲಿಲ್ಲ. ಮೇಳವಿಲ್ಲದೆ ಗಾಯಕನೂ ಸೋಲಲಿಲ್ಲ. ಹಾಗಾದರೆ ಸಮಸ್ಯೆ ಬಗೆಹರಿಯಿತೇ?

ಇಲ್ಲ. ಪಟ್ಲರ ಬೆನ್ನಿಗೆ ಜನರಿದ್ದರು, ಹೊಸ ಮೇಳ ಕಟ್ಟುವ ಶಕ್ತಿಯಿತ್ತು. ಅದೇ ಸ್ಥಿತಿ ಸುಳ್ಯದ ಮೂಲೆಯ ಹಳ್ಳಿಯಿಂದ ಬಂದ ಚೆಂಡೆವಾದಕನಿಗೋ, ಬಣ್ಣದ ವೇಷಧಾರಿಗೋ, ಪೂರ್ವರಂಗಕ್ಕೆ ಹಾಡುವ ಹುಡುಗನಿಗೋ ಬಂದಿದ್ದರೆ? ಅವನ ಹೆಸರು ಹೇಳಿ ಶಿಳ್ಳೆ ಹಾಕುವವರಿಲ್ಲ. ಅವನು ಇಳಿದುಹೋದ ದೃಶ್ಯವನ್ನು ಯಾರೂ ಮೊಬೈಲಿನಲ್ಲಿ ಹಿಡಿಯುವುದಿಲ್ಲ. ನವೆಂಬರಿನಲ್ಲಿ ಕೆಲಸ ತಪ್ಪಿದರೆ ಮುಂದಿನ ಪತ್ತನಾಜೆಯವರೆಗೆ ಅವನ ಮನೆಯ ಒಲೆ ಉರಿಯುವ ದಾರಿ ಯಾವುದು? ಪತ್ತನಾಜೆಯಿಂದ ದೀಪಾವಳಿಯವರೆಗಿನ ಮಳೆಗಾಲವಂತೂ ಹೇಗೂ ಸಂಬಳವಿಲ್ಲದ ಕಾಲ. ಖ್ಯಾತರಿಗೆ ಆಗ ಗಾನವೈಭವ, ತಾಳಮದ್ದಳೆಗಳಿರುತ್ತವೆ. ಉಳಿದವರು ಅಡಿಕೆ ತೋಟದ ಕೂಲಿಗೋ ಅಂಗಡಿ ಕೆಲಸಕ್ಕೋ ಹೋಗುತ್ತಾರೆ.

ಪಟ್ಲರ ಜನಪ್ರಿಯತೆಯ ಒಳ್ಳೆಯ ಫಲ ಕಂಡದ್ದೂ ಈ ಕೊರತೆಯ ಜಾಗದಲ್ಲಿಯೇ. ವಿವಾದಕ್ಕೆ ಮೊದಲೇ, 2015ರಲ್ಲಿ ಆರಂಭವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರಿಗೆ ಮನೆ, ವೈದ್ಯಕೀಯ ನೆರವು, ಅಪಘಾತ ವಿಮೆಯಂತಹ ಕೆಲಸಗಳನ್ನು ಕೈಗೆತ್ತಿಕೊಂಡಿತು. ಒಬ್ಬ ಗಾಯಕನಿಗೆ ಬಿದ್ದ ಚಪ್ಪಾಳೆ ಇನ್ನೊಬ್ಬ ಕಲಾವಿದನ ಮನೆಯ ಸೂರಾದದ್ದು ಸಣ್ಣ ಸಾಧನೆಯಲ್ಲ. ಆದರೂ ದಾನ ಹಕ್ಕಿಗೆ ಬದಲಿಯಾಗದು. 58 ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಸರಕಾರದ ಮಾಸಾಶನವಿದೆ. 30ನೆಯ ವಯಸ್ಸಿನಲ್ಲಿ ಅರ್ಧ ತಿರುಗಾಟದಲ್ಲಿ ಕೆಲಸ ಕಳೆದುಕೊಂಡವನಿಗೆ ಏನಿದೆ?

ಆಗಬೇಕಾದದ್ದೇನು

ದಾರಿ ತೀರಾ ಕಷ್ಟದ್ದಲ್ಲ. ಮುಂಗಡ ಕೊಡುವಾಗಲೇ ಒಂದು ಹಾಳೆಯ ಕರಾರು ಬರೆಯುವ ಪದ್ಧತಿ ಬರಬೇಕು. ಸಂಬಳ, ರಜೆ, ಹೊರಗಿನ ಕಾರ್ಯಕ್ರಮ, ಬಿಡುಗಡೆಯ ಷರತ್ತು ಇಷ್ಟು ಅದರಲ್ಲಿದ್ದರೆ ಸಾಕು. ಜಗಳ ಬಂದಾಗ ಕೇಳುವುದಕ್ಕೆ ಮೇಳದ ಯಜಮಾನರು, ಹಿರಿಯ ಕಲಾವಿದರು, ದೇವಸ್ಥಾನದ ಆಡಳಿತದವರು ಸೇರಿದ ಸಮಿತಿಯೊಂದು ಬೇಕು. ಕರ್ನಾಟಕ ಯಕ್ಷಗಾನ ಅಕಾಡೆಮಿ ಪ್ರಶಸ್ತಿ, ಸಮ್ಮೇಳನಗಳಿಗೆ ಕೊಡುವ ಗಮನದ ಒಂದು ಪಾಲನ್ನು ಮಾದರಿ ಕರಾರು ರೂಪಿಸುವುದಕ್ಕೆ ಕೊಟ್ಟರೆ ಮೇಳಗಳು ಬೇಡವೆನ್ನಲು ಕಾರಣವಿರದು. ಮುಜರಾಯಿ ದೇವಸ್ಥಾನಗಳ ಮೇಳಗಳಿಂದ ಇದು ಆರಂಭವಾಗುವುದು ಹೆಚ್ಚು ಸುಲಭ.

ಪ್ರೇಕ್ಷಕರಿಗೂ ಹೊಣೆಯಿದೆ. ಮೆಚ್ಚಿದ ಭಾಗವತರು ಬಂದಾಗ ಶಿಳ್ಳೆ ಹಾಕಿ, ಅವರು ಎದ್ದೊಡನೆ ಸಭೆ ಬಿಟ್ಟು ಹೊರಡುವ ಅಭಿಮಾನದಿಂದ ಆಟ ಬೆಳೆಯುವುದಿಲ್ಲ. ಅದು ಭಾಗವತರನ್ನೂ ಪ್ರಸಂಗಕ್ಕಾಗಿ ಹಾಡುವ ಬದಲು ಸಭೆಗಾಗಿ ಹಾಡುವಂತೆ ಒತ್ತಾಯಿಸುತ್ತದೆ.

ಇಂದು ಪುತ್ತೂರು, ಸುಳ್ಯ, ಕಡಬಗಳ ಶಾಲೆ, ಭಜನಾ ಮಂದಿರಗಳಲ್ಲಿ ಸಂಜೆಯ ಹೊತ್ತು ಮಕ್ಕಳು ತಾಳ ಹಾಕಿ ಪದ್ಯ ಕಲಿಯುತ್ತಿದ್ದಾರೆ. ಅವರಲ್ಲಿ ಅನೇಕರ ಕಣ್ಣ ಮುಂದಿರುವುದು ಪಟ್ಲರಂತೆ ಹೆಸರು ಮಾಡಬೇಕೆಂಬ ಆಸೆ. ಎಲ್ಲರೂ ಅಷ್ಟು ಎತ್ತರಕ್ಕೆ ಏರಲಾರರು. ಮೇಳ ಸೇರುವ ದಿನ ಆ ಮಕ್ಕಳ ಕೈಗೆ ಜಾಗಟೆಯ ಜೊತೆಗೆ ಒಂದು ಕರಾರು ಪತ್ರವೂ ಬಂದರೆ, 2019ರ ಆ ರಾತ್ರಿಯಿಂದ ಯಕ್ಷಗಾನ ರಂಗ ಏನನ್ನೋ ಕಲಿಯಿತು ಎನ್ನಬಹುದು.