ಕೋಲಿನ ನೆರಳು, ಇಬ್ಬರು ಮೇಷ್ಟ್ರು

ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ತಾಣದ ಹತ್ತಿರದ ಊರು ಹಂಗಾರಕಟ್ಟೆ. ಅಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರೂ ಗಣಿತದ ಮೇಷ್ಟ್ರೂ ಸೇರಿ ಮಕ್ಕಳಿಗೆ ಒಂದು ದಿನದ ಕಮ್ಮಟ ನಡೆಸಲು ಹೊರಟರೆಂದು ಇಟ್ಟುಕೊಳ್ಳಿ. ಇಬ್ಬರಿಗೂ ಇದು ಮೊದಲನೆಯದು. ವಿಷಯ, ಮಧ್ಯಾಹ್ನದ ನೆರಳು. ದಿನ, ಡಿಸೆಂಬರ್ 21ರ ಆಸುಪಾಸು. ಬೇಕಾದದ್ದು ಒಂದು ಮೀಟರ್ ಉದ್ದದ ನೇರ ಕೋಲು, ಅಳತೆಪಟ್ಟಿ, ಚಾಕ್‌ಪೀಸು. ಖರ್ಚಿಲ್ಲ.

ಯೋಜನೆ ಎಂದರೆ ಸಾಮಾನ್ಯವಾಗಿ ಗಂಟೆ ಹಂಚಿಕೊಳ್ಳುವುದು: ಬೆಳಿಗ್ಗೆ ಇವರು, ಊಟದ ಮೇಲೆ ಅವರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಅದು ಎರಡು ಬಿಡಿ ಪಾಠ, ಜೊತೆಪಾಠವಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಬೇಗ ತಿಳಿದೀತು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ವೀರಭದ್ರ ನಾಯಕರು ಕುಣಿತ, ಹಿರಿಯಡಕ ಗೋಪಾಲರಾಯರು ಮದ್ದಳೆ, ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆ ಕಲಿಸಿದರು. ಪದವೂ ಮದ್ದಳೆಯೂ ಇಲ್ಲದೆ ಹೆಜ್ಜೆ ಕಲಿಸುವುದಾದರೂ ಹೇಗೆ? ಒಬ್ಬರು ಹೇಳಿಕೊಡುವಾಗ ಇನ್ನೊಬ್ಬರಿಗೆ ಬಿಡುವಿಲ್ಲ.

ನಮೂನೆ ಪಾಠವನ್ನು ಹಿಂದಿನ ದಿನ ಇಬ್ಬರೇ ಮಾಡಿ ನೋಡಬೇಕಾದದ್ದು ಇದಕ್ಕೇ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ನೋಡಿ ಅಂಗಳದಲ್ಲಿ ನಿಲ್ಲಿಸಿದ್ದಾಯಿತು. ಹನ್ನೆರಡು ಗಂಟೆಗೆ ನೆರಳು ಅತಿ ಗಿಡ್ಡ ಎಂದು ವರ್ಷಗಟ್ಟಲೆ ಪಾಠ ಮಾಡಿದ ವಿಜ್ಞಾನದ ಮೇಷ್ಟ್ರಿಗೆ ಅಲ್ಲೇ ಪೆಟ್ಟು. ಹನ್ನೆರಡಕ್ಕೆ ನೆರಳು ಸುಮಾರು 77 ಸೆಂ.ಮೀ. ಇದ್ದದ್ದು, ಇನ್ನೂ ಇಳಿಯುತ್ತ ಹೋಗಿ ಹನ್ನೆರಡೂವರೆಯ ಹೊತ್ತಿಗೆ 75ಕ್ಕೆ ನಿಲ್ಲುತ್ತದೆ. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಹಂಗಾರಕಟ್ಟೆ ಇರುವುದು ಸುಮಾರು 74.7 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆ ತಡವಾಗಿ ಸೂರ್ಯ ಅಲ್ಲಿ ನೆತ್ತಿಯ ಗೆರೆ ದಾಟುತ್ತಾನೆ.

ಇದು ಕಮ್ಮಟದ ದಿನವೇ, ನಲವತ್ತು ಮಕ್ಕಳೆದುರು ಹೊರಬಿದ್ದಿದ್ದರೆ? ಗಣಿತದ ಮೇಷ್ಟ್ರು “ನೀವು ಹೇಳಿದ್ದು ತಪ್ಪು” ಎಂದರೆ ವಿಜ್ಞಾನದ ಮೇಷ್ಟ್ರು ಹಟಕ್ಕೆ ಬೀಳಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಹಿರಿಯರು ಹೇಳಿದ ಉತ್ತರಕ್ಕೆ ಸರಿಹೊಂದುವಂತೆ ಮಕ್ಕಳು ತಾವು ಅಳೆದ ಅಂಕಿಯನ್ನು ಅಳಿಸಿ ಬೇರೆ ಬರೆಯುತ್ತಾರೆ. ಪರೀಕ್ಷೆಗಾಗಿ ಓದುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು, ತಂದೆತಾಯಿಗಳಿಗೂ ಗೊತ್ತಿಲ್ಲದ್ದೇನಲ್ಲ.

ಆದ್ದರಿಂದ ಇಬ್ಬರೂ ಮೊದಲೇ ಒಂದು ಮಾತಿಗೆ ಬರಬೇಕು. ಜೊತೆಯವರು ತಪ್ಪಿದರೆನಿಸಿದಾಗ ತಿದ್ದುವುದು ಬೇಡ. “ಮಾಷ್ಟ್ರೆ, ಇನ್ನೊಮ್ಮೆ ಅಳೆದು ನೋಡುವನಾ?” ಎಂದು ಕೇಳಿದರೆ ಸಾಕು, ಉಳಿದದ್ದನ್ನು ಕೋಲು ಹೇಳುತ್ತದೆ. ಒಬ್ಬರು ವಿವರಿಸುವಾಗ ಇನ್ನೊಬ್ಬರು ಹಿಂದಿನ ಸಾಲಿನಲ್ಲಿ ಮಕ್ಕಳ ಪುಸ್ತಕ ನೋಡುತ್ತಿರಬೇಕು. ಒಬ್ಬಳು 74 ಎಂದು, ಇನ್ನೊಬ್ಬ 76 ಎಂದು ಬರೆದಿರುತ್ತಾರೆ. ಇಬ್ಬರನ್ನೂ ಗದರುವಂತಿಲ್ಲ. ಸೂರ್ಯ ಚುಕ್ಕಿಯಲ್ಲ, ಬಿಲ್ಲೆ. ಅದರಿಂದಾಗಿ ನೆರಳಿನ ತುದಿ ಒಂದೂವರೆ ಸೆಂಟಿಮೀಟರಿನಷ್ಟು ಮಸುಕಾಗಿಯೇ ಬೀಳುತ್ತದೆ. ಇದನ್ನು ಗಮನಿಸುವುದು ಹಿಂದೆ ನಿಂತವರಿಗೆ ಮಾತ್ರ ಸಾಧ್ಯ.

ಗಣಿತದ ಮೇಷ್ಟ್ರ ಪಾಲಿಗೂ ಆ ದಿನ ಹಬ್ಬವೇ. ಕೋಲು 100, ನೆರಳು 75. ಕೋಲಿನ ತುದಿಯಿಂದ ನೆರಳಿನ ತುದಿಗೆ ದಾರ ಎಳೆದರೆ 125! ಪುಸ್ತಕದ ಮೂರು-ನಾಲ್ಕು-ಐದರ ತ್ರಿಕೋನ ಅಂಗಳದಲ್ಲೇ ನಿಂತಿರುತ್ತದೆ. ಊರಿನ ಅಕ್ಷಾಂಶ ಸುಮಾರು 13.4, ಸೂರ್ಯ ದಕ್ಷಿಣಕ್ಕೆ ಸರಿದದ್ದು 23.4, ಕೂಡಿಸಿದರೆ 37 ಡಿಗ್ರಿಗೆ ತುಸು ಕಡಿಮೆ. ಈ ಕೋನದ ಕಾರಣ ಹೇಳಲು ವಿಜ್ಞಾನದ ಮೇಷ್ಟ್ರೇ ಬೇಕು.

ನೆರಳೇ ಬೀಳದ ಮಧ್ಯಾಹ್ನವೂ ಆ ಊರಿಗೆ ವರ್ಷದಲ್ಲಿ ಎರಡು ಸಲ ಬರುತ್ತದೆ. ಆಗಸ್ಟ್ 17ರ ಸುಮಾರಿಗೆ ಬರುವುದನ್ನು ಮಳೆಮೋಡ ನುಂಗುವುದೇ ಹೆಚ್ಚು. ಏಪ್ರಿಲ್ 25ರ ಸುಮಾರಿಗೆ ಬರುವಾಗ ಶಾಲೆಗೆ ರಜೆ. ಆಗ 12 ಗಂಟೆ 29 ನಿಮಿಷಕ್ಕೆ ಮನೆಯಂಗಳದಲ್ಲಿ ಕೋಲು ಹಿಡಿಯಲು ಅಪ್ಪ, ಗಡಿಯಾರ ನೋಡಲು ಅಮ್ಮ ಇದ್ದರೆ ಆಯಿತು.