ಮಾಲೆ ಇಳಿದ ಮರುದಿನ

ಕಾರ್ತಿಕ ಮಾಸ ಮೊದಲಾಯಿತೆಂದರೆ ಚಿಕ್ಕನಾಯಕನಹಳ್ಳಿಯ ಬೀದಿಗಳಲ್ಲಿ ಕಪ್ಪು ಪಂಚೆಯುಟ್ಟು ಬರಿಗಾಲಿನಲ್ಲಿ ನಡೆಯುವ ಅಯ್ಯಪ್ಪ ವ್ರತಧಾರಿಗಳು ಕಾಣಿಸಿಕೊಳ್ಳುವರಷ್ಟೆ. ಅವರಲ್ಲಿ ದಿನಕ್ಕೊಂದು ಕಟ್ಟು ಬೀಡಿಯನ್ನು ಬೂದಿ ಮಾಡುತ್ತಿದ್ದ ಕಾಯಿ ಸುಲಿಯುವವರೂ ಕೊಬ್ಬರಿ ವ್ಯಾಪಾರಿಗಳೂ ಲಾರಿ ಚಾಲಕರೂ ಉಂಟು. ಮಾಲೆ ಕೊರಳಿಗೆ ಬಿದ್ದ ಗಳಿಗೆಯಿಂದ 41 ದಿನಗಳ ಮಂಡಲ ಕಾಲ ಬೀಡಿಯನ್ನು ಮುಟ್ಟದಿದ್ದ ಇಂಥವರಲ್ಲಿ ಎಷ್ಟೋ ಮಂದಿ, ಶಬರಿಮಲೆಯಿಂದ ಮರಳಿ ಮಾಲೆ ತೆಗೆದ ಮರುದಿನವೇ ಪೆಟ್ಟಿಗೆ ಅಂಗಡಿಯ ಮುಂದೆ ನಿಂತು, ಅಲ್ಲಿ ತೂಗುಬಿಟ್ಟ ತೆಂಗಿನ ನಾರಿನ ಹಗ್ಗದ ಕಿಡಿಗೆ ಬೀಡಿಯ ತುದಿಯನ್ನು ತಾಗಿಸುವುದನ್ನು ಕಂಡು ಊರವರು, 'ಸ್ವಾಮಿಗಳ ಭಕ್ತಿ ಇಷ್ಟಕ್ಕೇ ಮುಗೀತು' ಎಂದು ನಗುವುದುಂಟು. ಈ ನಗೆ ಸಲ್ಲದೆಂದು ನನ್ನ ಎಣಿಕೆ.

ತಂಬಾಕು ಬಿಟ್ಟವನನ್ನು ಕಾಡುವ ಸಿಡುಕು, ನಿದ್ರಾಭಂಗ, ಚಿತ್ತಚಾಂಚಲ್ಯಗಳು ಮೊದಲ ವಾರದಲ್ಲಿ ಉಲ್ಬಣಿಸಿ, ಸುಮಾರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುವುವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎಂದಮೇಲೆ ವ್ರತ ಮುಗಿಸಿದವನ ದೇಹವು ನಿಕೋಟಿನನ್ನು ಬೇಡುವ ಅವಸ್ಥೆಯನ್ನು ದಾಟಿ ಬಂದಿರುತ್ತದೆ. ಇನ್ನೂ ಬೇಡುತ್ತಿರುವುದು ಅವನ ನೆನಪು. ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ, ಅಲ್ಲಿನ ಸುಖಕೇಂದ್ರಗಳಲ್ಲಿ ಡೋಪಮೈನ್ ಸ್ರವಿಸುವಂತೆ ಮಾಡುವಾಗ, ಸುತ್ತ ಇದ್ದುದೆಲ್ಲವೂ, ಟೀ ಲೋಟ, ಕಡ್ಡಿ ಗೀರಿದ ಸದ್ದು, ಜೊತೆಗಾರನ ಕೆಮ್ಮು ಸಹ, ಆ ಸುಖದ ಮುನ್ಸೂಚನೆಯಾಗಿ ಅಚ್ಚೊತ್ತಿಕೊಳ್ಳುತ್ತದೆ. ಧೂಮಪಾನಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಸಿಗರೇಟಿನ ಬರಿಯ ಚಿತ್ರವನ್ನು ತೋರಿಸಿದರೂ ಆ ಕೇಂದ್ರಗಳು ಎಚ್ಚೆತ್ತುಕೊಳ್ಳುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಹಾನಿಯಾದ ಕೆಲವರು ಸೇದುವ ಬಯಕೆಯನ್ನೇ ಮರೆತು ಅನಾಯಾಸವಾಗಿ ಬಿಟ್ಟುಬಿಟ್ಟರೆಂಬ ವರದಿ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು; ಅಂಥ ಚಿಕಿತ್ಸೆಯನ್ನು ಯಾರೂ ಹಾರೈಸಲಾರರು, ಆ ಮಾತು ಬೇರೆ.

2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಬಹು ಸ್ವಾರಸ್ಯಕರವಾಗಿ ತೋರಿತು. ಇಸ್ರೇಲಿನ ವಿಮಾನ ಪರಿಚಾರಕರಲ್ಲಿ, ಪಯಣವು ಗಿಡ್ಡವಾಗಿರಲಿ ಹತ್ತು ಗಂಟೆಯನ್ನು ಮೀರಲಿ, ನೆಲ ಸಮೀಪಿಸಿದಂತೆಲ್ಲ ಸೇದುವ ತುಡಿತ ಏರುತ್ತಿತ್ತು. ಸೇದಿ ಎಷ್ಟು ಹೊತ್ತಾಯಿತೆಂಬುದಕ್ಕಿಂತ ಇನ್ನೆಷ್ಟು ಹೊತ್ತಿಗೆ ಸೇದಬಹುದೆಂಬುದೇ ಅಲ್ಲಿ ಪ್ರಧಾನವಾಗಿತ್ತು. ನಮ್ಮ ಕೊಬ್ಬರಿ ಅಟ್ಟಗಳಲ್ಲಿ ದುಡಿಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವರ್ಷದ ಫಸಲೆಲ್ಲ ಒಣಗುತ್ತ ಬಿದ್ದಿರುವಲ್ಲಿ ಕಿಡಿ ಕೂಡದೆಂಬುದು ಮನಸ್ಸಿಗೆ ಗೊತ್ತಿರುವುದರಿಂದ ಮೇಲಿರುವಷ್ಟು ಹೊತ್ತೂ ಬಯಕೆ ತೆಪ್ಪಗಿದ್ದು, ಏಣಿಯ ಕೊನೆಯ ಮೆಟ್ಟಿಲಿಗೆ ಕಾಲಿಡುವಾಗ ಎದ್ದು ಕೂಡುತ್ತದೆ.

ಮಾಲೆಯ ಮಹಿಮೆಯೂ ಇಲ್ಲಿಯೇ ಇದೆ. ಅದು ಉಡುಪನ್ನೂ ಊಟವನ್ನೂ ಮಲಗುವ ಚಾಪೆಯನ್ನೂ ಸಹವಾಸವನ್ನೂ, ಕಡೆಗೆ ಕರೆಯುವ ಹೆಸರನ್ನೂ ಬದಲಿಸಿ, ಬಯಕೆಯನ್ನು ಕೆರಳಿಸುವ ಕುರುಹುಗಳಿಂದ ಮನುಷ್ಯನನ್ನು ದೂರವಿಡುತ್ತದೆ. 'ತಗೊಳಯ್ಯ, ಒಂದು ದಮ್ಮು ಎಳಿ' ಎನ್ನುತ್ತಿದ್ದ ಕೈಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಊರಿಗೆ ಊರೇ ಒಬ್ಬನ ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಇಂಥ ಏರ್ಪಾಟು ಯಾವ ಆಸ್ಪತ್ರೆಯಲ್ಲಿದೆ? ಮಾಲೆ ಇಳಿದೊಡನೆ ಇದೆಲ್ಲವೂ ಇಳಿದುಹೋಗುತ್ತದೆ, ಹಗ್ಗದ ಕಿಡಿ ಮಾತ್ರ ಇದ್ದಲ್ಲಿಯೇ ಇರುತ್ತದೆ. 42ನೆಯ ದಿನಕ್ಕೆಂದು ನಾವು ಯಾವ ಸಿದ್ಧತೆಯನ್ನೂ ಮಾಡಿಲ್ಲವೆಂಬುದೇ ನನ್ನ ಆಕ್ಷೇಪ.

ಸಾಧನಗಳಿಗೇನೂ ಕೊರತೆಯಿಲ್ಲ. ಅಮೆರಿಕದಲ್ಲಿ 2020ರಲ್ಲಿ ಅನುಮತಿ ಪಡೆದ ಒಂದು ಚಿಕಿತ್ಸೆಯಲ್ಲಿ, ಮೊದಲು ಸಿಗರೇಟಿನ ನೆನಪನ್ನು ಬೇಕೆಂದೇ ಕೆರಳಿಸಿ, ಬಳಿಕ ಕಾಂತಶಕ್ತಿಯ ಸ್ಪಂದನಗಳನ್ನು ಮಿದುಳಿಗೆ ಕಳುಹಿಸುತ್ತಾರೆ. ಅದು ನಮ್ಮ ತಾಲ್ಲೂಕಿಗೆ ಬರುವ ಮಾತು ಸದ್ಯಕ್ಕಿಲ್ಲ. ಕೈಗೆಟಕುವಂಥದು 1800-11-2356 ಎಂಬ ಉಚಿತ ದೂರವಾಣಿ: 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಆಪ್ತಸಮಾಲೋಚಕರು ಅದರಲ್ಲಿ ಕನ್ನಡದಲ್ಲಿಯೇ ಮಾತನಾಡಿಸುತ್ತಾರೆ. ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದರೂ, ಬಿಡಿ ಮಾರಾಟವನ್ನು ಕರ್ನಾಟಕ ಸರ್ಕಾರ 2017ರಲ್ಲಿಯೇ ನಿಷೇಧಿಸಿದ್ದರೂ, ಒಂದೋ ಎರಡೋ ಕೊಂಡು ಸೇದುವವನ ಕಣ್ಣಿಗೆ ಪೊಟ್ಟಣ ಬೀಳುವುದೇ ಇಲ್ಲ.

ಇನ್ನು ಔಷಧಗಳಲ್ಲಿ ವರೆನಿಕ್ಲಿನ್ ಎಂಬುದೊಂದುಂಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಿಕೋಟಿನ್ ಕೂಡಬೇಕಾದ ಎಡೆಯಲ್ಲಿ ತಾನು ಕುಳಿತು, ಅರೆತೃಪ್ತಿಯನ್ನು ನೀಡಿ, ಸೇದಿದರೂ ಹಿಂದಿನ ಸೊಗಸು ದೊರೆಯದಂತೆ ಮಾಡುವುದು ಅದರ ಕ್ರಮ. ಸೇದುವುದನ್ನು ನಿಲ್ಲಿಸುವ ದಿನಕ್ಕೆ ಒಂದು ವಾರ ಮೊದಲು ಆರಂಭಿಸಿ, ಒಟ್ಟು 12 ವಾರ ಅದನ್ನು ಸೇವಿಸುವುದು ವಾಡಿಕೆ. ಮಾಲೆ ಹಾಕುವ ಹಿಂದಿನ ವಾರ ವೈದ್ಯರನ್ನು ಕಂಡು, ಅವರು ತಕ್ಕುದೆಂದರೆ ಮೊದಲುಮಾಡಿದಲ್ಲಿ, ಮಂಡಲ ಮುಗಿದ ಮೇಲೂ ಐದು ವಾರ ಔಷಧದ ರಕ್ಷೆ ಉಳಿದಿರುತ್ತದೆ. ಗುರುಸ್ವಾಮಿಗಳು ಇದಕ್ಕೆ ಅಡ್ಡಿ ಹೇಳಲಾರರೆಂದು ನಂಬಿದ್ದೇನೆ. ಪೆಟ್ಟಿಗೆ ಅಂಗಡಿಯವರ ಅಭಿಪ್ರಾಯವನ್ನು ನಾನು ಕೇಳಿಲ್ಲ.